ಡೆಟ್ರಾಯಿಟ್‌ನ 13ನೇ ಕ್ಷೇತ್ರ: 7.75 ಲಕ್ಷ ಜನ, 22 ಸಾವಿರ ಮತ

ಅಮೆರಿಕದಲ್ಲಿ ಭಾರತೀಯ ಹೆಸರಿನವರೊಬ್ಬರು ಗೆದ್ದರೆ 'ಅಲ್ಲಿನ ನಮ್ಮವರೆಲ್ಲ ಸೇರಿ ಗೆಲ್ಲಿಸಿದರು' ಎಂದುಕೊಳ್ಳುವುದು ನಮ್ಮಲ್ಲಿ ರೂಢಿ. ಮಿಶಿಗನ್ ರಾಜ್ಯದ 13ನೇ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರದ ಮಟ್ಟಿಗೆ ಈ ಊಹೆ ಪೂರ್ತಿ ತಪ್ಪು. 2023ರ ಜನವರಿಯಿಂದ ಈ ಕ್ಷೇತ್ರವನ್ನು ಪ್ರತಿನಿಧಿಸುತ್ತಿರುವ ಶ್ರೀ ಥಾಣೇದಾರ್ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು, ಮನೆಮಾತು ಮರಾಠಿ. ಆದರೆ ಡೆಟ್ರಾಯಿಟ್ ಸುತ್ತಿನ ಕನ್ನಡಿಗರೂ ಇತರ ಭಾರತೀಯರೂ ಬಹುಪಾಲು ಇರುವುದು ಟ್ರಾಯ್, ನೋವೈ, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್‌ನಂಥ ಉಪನಗರಗಳಲ್ಲಿ. ಅವೆಲ್ಲ ಬೇರೆ ಕ್ಷೇತ್ರಗಳು. 13ರಲ್ಲಿ ಏಷ್ಯನ್ನರೆಂದರೆ ಮುಖ್ಯವಾಗಿ ಹ್ಯಾಮ್‌ಟ್ರಾಮಿಕ್ ಆಸುಪಾಸಿನ ಬಾಂಗ್ಲಾದೇಶಿಗಳು. ಹಾಗಿದ್ದರೆ ಇಲ್ಲಿ ಸಂಸದರನ್ನು ಆರಿಸುವವರು ಯಾರು, ಅವರಿಗೆ ಏನು ಬೇಕು? ಅದಕ್ಕೆ ಮೊದಲು ನಕ್ಷೆ ಹೇಗಾಯಿತು ಎಂಬುದನ್ನು ನೋಡಬೇಕು.

2020ರ ಜನಗಣತಿಯಲ್ಲಿ ಮಿಶಿಗನ್‌ನ ಜನಸಂಖ್ಯೆ 1,00,77,331. ಉಳಿದ ರಾಜ್ಯಗಳಷ್ಟು ವೇಗವಾಗಿ ಬೆಳೆಯದ ಕಾರಣ ರಾಜ್ಯದ ಪಾಲಿನ ಸೀಟುಗಳು 14ರಿಂದ 13ಕ್ಕೆ ಇಳಿದವು. ಭಾಗಿಸಿದರೆ ಕ್ಷೇತ್ರಕ್ಕೆ ಸುಮಾರು 7.75 ಲಕ್ಷ ಜನ. ಇದು ಸರಾಸರಿ ಲೆಕ್ಕ ಮಾತ್ರವಲ್ಲ, ಕಾನೂನಿನ ಕಟ್ಟುಪಾಡು: 1964ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಂದೇ ರಾಜ್ಯದ ಕಾಂಗ್ರೆಸ್ ಕ್ಷೇತ್ರಗಳು ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಸಮನಾಗಿರಲೇಬೇಕು. 30 ಲಕ್ಷ ಮತದಾರರನ್ನು ದಾಟಿದ ಬೆಂಗಳೂರು ಉತ್ತರದವರಿಗೆ ಈ ಅಚ್ಚುಕಟ್ಟು ವಿಚಿತ್ರವಾಗಿ ಕಾಣಬಹುದು. ಹತ್ತು ವರ್ಷಕ್ಕೊಮ್ಮೆ ಗೆರೆ ಅಳಿಸಿ ಮತ್ತೆ ಎಳೆಯುತ್ತಾರೆ.

ಈ ಬಾರಿ ಗೆರೆ ಎಳೆದದ್ದು ಶಾಸಕಾಂಗವಲ್ಲ. 2018ರ ಜನಮತದಿಂದ ಬಂದ ಸ್ವತಂತ್ರ ನಾಗರಿಕರ ಆಯೋಗದಲ್ಲಿ 13 ಸದಸ್ಯರು: 4 ಡೆಮಾಕ್ರಟರು, 4 ರಿಪಬ್ಲಿಕನ್ನರು, ಯಾವ ಪಕ್ಷಕ್ಕೂ ಸೇರದ 5 ಮಂದಿ. ಅವರು ಪಾಲಿಸಬೇಕಾದ ಮಾನದಂಡಗಳಿಗೆ ರಾಜ್ಯದ ಸಂವಿಧಾನದಲ್ಲೇ ಅನುಕ್ರಮವಿದೆ. ಜನಸಂಖ್ಯೆಯ ಸಮಾನತೆ ಮತ್ತು ಮತದಾನ ಹಕ್ಕು ಕಾಯ್ದೆ ಮೊದಲು, ಒಂದಕ್ಕೊಂದು ತಾಗಿರುವ ಭೂಭಾಗ ಆಮೇಲೆ, ನಂತರ ಸಮಾನ ಹಿತಾಸಕ್ತಿಯ ಸಮುದಾಯಗಳು, ಪಕ್ಷಗಳ ನಡುವಿನ ನ್ಯಾಯ. ನಗರ, ಕೌಂಟಿಗಳ (ನಮ್ಮ ಜಿಲ್ಲೆಯಂಥವು) ಗಡಿಗೆ ಬೆಲೆ ಬರುವುದು ಕೊನೆಯ ಕಡೆಗೆ. ಹೀಗಾಗಿ ಡೆಟ್ರಾಯಿಟ್ ನಗರವನ್ನು 12 ಮತ್ತು 13ಕ್ಕೆ ಹಂಚಲು ಆಯೋಗಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಪರಿಣಾಮ ದೊಡ್ಡದು. ಹಳೆಯ ನಕ್ಷೆಯಲ್ಲಿ ಡೆಟ್ರಾಯಿಟ್‌ನ ಎರಡು ಕ್ಷೇತ್ರಗಳಲ್ಲೂ ಆಫ್ರಿಕನ್ ಅಮೆರಿಕನ್ನರು ಅರ್ಧಕ್ಕಿಂತ ಹೆಚ್ಚು. ಹೊಸದರಲ್ಲಿ ಎರಡರಲ್ಲೂ ಶೇ 45ರ ಆಸುಪಾಸು. ಇದನ್ನು ಎರಡು ಬಗೆಯಲ್ಲಿ ವಾದಿಸಬಹುದು. ಒಂದೇ ಕ್ಷೇತ್ರದಲ್ಲಿ ಶೇ 80 ತುಂಬಿ ಮತ ಪೋಲು ಮಾಡುವುದಕ್ಕಿಂತ ಎರಡರಲ್ಲಿ ನಿರ್ಣಾಯಕವಾಗಿರುವುದು ಮೇಲು ಎನ್ನುವುದು ಆಯೋಗದ ಪರದ ಮಾತು. ಮತ ಒಡೆದರೆ ಎರಡೂ ಕೈತಪ್ಪುತ್ತವೆ ಎನ್ನುವುದು ವಿರೋಧಿಗಳ ಮಾತು. 2022ರಲ್ಲಿ ನಡೆದದ್ದು ಎರಡನೆಯದು. 1955ರಲ್ಲಿ ಚಾರ್ಲ್ಸ್ ಡಿಗ್ಸ್ ಕಾಂಗ್ರೆಸ್ ಪ್ರವೇಶಿಸಿದಂದಿನಿಂದ ಬಂದ ಪರಂಪರೆ ಮುರಿದು, ಡೆಟ್ರಾಯಿಟ್‌ಗೆ ಕಪ್ಪು ಜನಾಂಗದ ಸಂಸದರೇ ಇಲ್ಲದಂತಾಯಿತು. ಅದೇ ಚುನಾವಣೆಯಲ್ಲಿ ಪಕ್ಕದ 10ನೇ ಕ್ಷೇತ್ರದಿಂದ ಗೆದ್ದ ಜಾನ್ ಜೇಮ್ಸ್ ಆಫ್ರಿಕನ್ ಅಮೆರಿಕನ್, ಆದರೆ ರಿಪಬ್ಲಿಕನ್. ಆ ಕ್ಷೇತ್ರದಲ್ಲಿ ಬಿಳಿಯರೇ ಬಹುಸಂಖ್ಯಾತರು. ಬಣ್ಣದ ಗಣಿತ ಎಷ್ಟು ಮೋಸ ಮಾಡಬಲ್ಲದು ನೋಡಿ.

ಈ ಕ್ಷೇತ್ರದ ಅಂಕಿಅಂಶ ತೆಗೆಯುವವರು ಮೊದಲು ಎಡವುವುದು '13' ಎಂಬ ಸಂಖ್ಯೆಯಲ್ಲೇ. 2019ರಿಂದ 2022ರವರೆಗೆ 13ನೇ ಕ್ಷೇತ್ರದ ಸಂಸದೆ ರಶೀದಾ ತ್ಲೈಬ್. ಅದು ಬೇರೆ ಗಡಿಯ ಕ್ಷೇತ್ರ, ಅವರು ಈಗ 12ರಲ್ಲಿದ್ದಾರೆ. ಜನಗಣತಿ ಇಲಾಖೆಯ ವಾರ್ಷಿಕ ಸಮೀಕ್ಷೆಯಲ್ಲಿ ಹಳೆಯ ವರ್ಷದ 13ನ್ನು ಹೊಸ ವರ್ಷದ 13ರ ಪಕ್ಕ ಇಟ್ಟು 'ಬಡತನ ಇಳಿಯಿತು', 'ಬಿಳಿಯರು ಹೆಚ್ಚಾದರು' ಎಂದು ಬರೆದರೆ ಅಳೆದದ್ದು ಜನರನ್ನಲ್ಲ, ಗೆರೆಯನ್ನು. ಕೋಷ್ಟಕ ಇಳಿಸಿಕೊಳ್ಳುವಾಗ 118ನೇ ಕಾಂಗ್ರೆಸ್ (2023ರ ಜನವರಿಯಲ್ಲಿ ಶುರುವಾದದ್ದು) ಅಥವಾ ಅದರ ನಂತರದ ಗಡಿ ಎಂದು ಖಚಿತಪಡಿಸಿಕೊಳ್ಳಿ. ಜನಾಂಗಕ್ಕೆ ಬಿ03002, ಮನೆಯ ಮಧ್ಯಾಂಕ ಆದಾಯಕ್ಕೆ ಬಿ19013, ಸ್ವಂತ ಮನೆ, ಬಾಡಿಗೆ ಮನೆಗಳ ಲೆಕ್ಕಕ್ಕೆ ಬಿ25003 ಸಾಕು. ಇಡೀ ಕ್ಷೇತ್ರಕ್ಕೆ ಒಂದು ವರ್ಷದ ಸಮೀಕ್ಷೆ ಸಿಗುತ್ತದೆ. 65 ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಐದು ವರ್ಷದ್ದೇ ಗತಿ, ಆದ್ದರಿಂದ ಎರಡನ್ನೂ ಒಂದೇ ಸಾಲಿನಲ್ಲಿ ಹೋಲಿಸಬಾರದು.

ಎರಡನೆಯ ಎಡವು ಹ್ಯಾಮ್‌ಟ್ರಾಮಿಕ್‌ನಲ್ಲಿ. ಸುಮಾರು ಎರಡು ಚದರ ಮೈಲಿಯ ಈ ಪುಟ್ಟ ನಗರದ ಸುತ್ತ ಡೆಟ್ರಾಯಿಟೇ ಇದೆ, 2020ರಲ್ಲಿ ಜನಸಂಖ್ಯೆ 28,433. ಒಂದು ಕಾಲಕ್ಕೆ ಪೋಲಿಷ್ ಕಾರ್ಮಿಕರ ಊರು. ಈಗ ಯೆಮೆನ್ ಮತ್ತು ಬಾಂಗ್ಲಾದೇಶದಿಂದ ಬಂದವರ ಊರು, 2022ರಲ್ಲಿ ನಗರಸಭೆಯ ಎಲ್ಲ ಸದಸ್ಯರೂ ಮುಸ್ಲಿಮರಾಗಿದ್ದರು. ಆದರೆ ಜನಗಣತಿಯ ಪಟ್ಟಿಯಲ್ಲಿ ಯೆಮೆನಿಗಳು 'ಬಿಳಿಯರು'. ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾದವರಿಗೆ ಪ್ರತ್ಯೇಕ ಚೌಕ ಇರಬೇಕೆಂದು ಕೇಂದ್ರ ಸರ್ಕಾರ ನಿಯಮ ಬದಲಿಸಿದ್ದು 2024ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲಿನ ಅಂಕಿಯಲ್ಲಿ ಹ್ಯಾಮ್‌ಟ್ರಾಮಿಕ್‌ನ ಅರಬ್ ದಿನಸಿ ಅಂಗಡಿಯವರೂ ಪೂರ್ವದಂಚಿನ ಸಿರಿವಂತ ಗ್ರೋಸ್ ಪಾಯಿಂಟ್‌ನ ವಕೀಲರೂ ಒಂದೇ ಕಾಲಂನಲ್ಲಿ ಕೂತಿದ್ದಾರೆ. ಇದೇ ತೊಡಕು ಮತಪತ್ರದ ಭಾಷೆಯಲ್ಲೂ ಇದೆ. ಮತದಾನ ಹಕ್ಕು ಕಾಯ್ದೆಯ 203ನೇ ವಿಧಿಯಡಿ ಹ್ಯಾಮ್‌ಟ್ರಾಮಿಕ್ ಬಂಗಾಳಿಯಲ್ಲಿ ಮತಪತ್ರ ಕೊಡಲೇಬೇಕು. ಆ ವಿಧಿ ಸ್ಪ್ಯಾನಿಷ್, ಏಷ್ಯಾದ ಭಾಷೆಗಳು ಮತ್ತು ಮೂಲನಿವಾಸಿಗಳ ಭಾಷೆಗಳಿಗೆ ಮಾತ್ರ ಅನ್ವಯ, ಅರೇಬಿಕ್ ಅದರ ಹೊರಗೆ.

ಮೂರನೆಯದು, ಒಟ್ಟು ಜನಸಂಖ್ಯೆಗೂ ಮತದ ವಯಸ್ಸಾದ ನಾಗರಿಕರ ಸಂಖ್ಯೆಗೂ ಇರುವ ಅಂತರ. ನೈಋತ್ಯ ಡೆಟ್ರಾಯಿಟ್‌ನ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದವರ) ಬಡಾವಣೆಗಳಲ್ಲಿ, ಹ್ಯಾಮ್‌ಟ್ರಾಮಿಕ್‌ನಲ್ಲಿ ಮಕ್ಕಳು ಹೆಚ್ಚು, ಇನ್ನೂ ಪೌರತ್ವ ಸಿಗದವರೂ ಹೆಚ್ಚು. ಜನರ ಪಟ್ಟಿಯಲ್ಲಿ ದಪ್ಪವಾಗಿ ಕಾಣುವ ಈ ಸಮುದಾಯಗಳು ಮತದಾರರ ಪಟ್ಟಿಯಲ್ಲಿ ತೆಳುವಾಗುತ್ತವೆ. ಆಫ್ರಿಕನ್ ಅಮೆರಿಕನ್ನರ ಪಾಲು ಅದೇ ಪ್ರಮಾಣದಲ್ಲಿ ಏರುತ್ತದೆ. ಇದಕ್ಕೆಂದೇ ಜನಗಣತಿ ಇಲಾಖೆ ಪ್ರತ್ಯೇಕ ಕೋಷ್ಟಕ ಕೊಡುತ್ತದೆ. ಕ್ಷೇತ್ರದ ರಾಜಕೀಯ ತಿಳಿಯಬೇಕಾದರೆ ಅದನ್ನೇ ನೋಡಬೇಕು.

ಇನ್ನು ಕ್ಷೇತ್ರದ ತುಂಡುಗಳು. ದೊಡ್ಡ ತುಂಡು ಡೆಟ್ರಾಯಿಟ್ ನಗರದ್ದೇ. 1950ರಲ್ಲಿ 18,49,568 ಇದ್ದ ನಗರದ ಜನಸಂಖ್ಯೆ 2020ರಲ್ಲಿ 6,39,111. ಮುಕ್ಕಾಲಿಗಿಂತ ಹೆಚ್ಚು ಮಂದಿ ಆಫ್ರಿಕನ್ ಅಮೆರಿಕನ್ನರು, ಸುಮಾರು ಮೂರನೇ ಒಂದರಷ್ಟು ಜನ ಬಡತನದ ರೇಖೆಯ ಕೆಳಗೆ. ನಗರದೊಳಗಿನ ಇನ್ನೊಂದು ದ್ವೀಪ ಹೈಲೆಂಡ್ ಪಾರ್ಕ್. ಫೋರ್ಡ್ 1913ರಲ್ಲಿ ಚಲಿಸುವ ಜೋಡಣಾ ಸಾಲನ್ನು ಶುರುಮಾಡಿದ ಕಾರ್ಖಾನೆ ಇದ್ದ ಊರಿದು. 1930ರಲ್ಲಿ 50 ಸಾವಿರ ದಾಟಿದ್ದ ಜನ ಈಗ 9 ಸಾವಿರದ ಆಸುಪಾಸು. ವಿದ್ಯುತ್ ಬಾಕಿ ಏರಿ 2011ರಲ್ಲಿ ಕಂಪನಿ ಸಾವಿರಕ್ಕೂ ಹೆಚ್ಚು ಬೀದಿದೀಪದ ಕಂಬಗಳನ್ನೇ ಕಿತ್ತುಕೊಂಡು ಹೋಯಿತು.

ಪೂರ್ವದಂಚಿನಲ್ಲಿ ಸೇಂಟ್ ಕ್ಲೇರ್ ಸರೋವರದ ದಡದ ಗ್ರೋಸ್ ಪಾಯಿಂಟ್ ಊರುಗಳು: ಶ್ರೀಮಂತ, ಬಹುಪಾಲು ಬಿಳಿಯರ ವಸತಿ. 1960ರಲ್ಲಿ ಬಯಲಾಗುವವರೆಗೂ ಇಲ್ಲಿನ ಮನೆ ದಲ್ಲಾಳಿಗಳು ಖರೀದಿದಾರರಿಗೆ ಮೂಲ, ಮೈಬಣ್ಣ, ಮಾತಿನ ಧಾಟಿ ನೋಡಿ ಅಂಕ ಕೊಡುತ್ತಿದ್ದರು. ಆಫ್ರಿಕನ್ ಅಮೆರಿಕನ್ನರನ್ನು ಅಂಕಕ್ಕೂ ಪರಿಗಣಿಸುತ್ತಿರಲಿಲ್ಲ. 1974ರಲ್ಲಿ ಸುಪ್ರೀಂ ಕೋರ್ಟ್ ಡೆಟ್ರಾಯಿಟ್‌ನ ಶಾಲೆಗಳನ್ನು 53 ಉಪನಗರಗಳ ಶಾಲೆಗಳ ಜೊತೆ ಸೇರಿಸುವ ಯೋಜನೆಯನ್ನು 5-4ರಲ್ಲಿ ತಳ್ಳಿಹಾಕಿತು. ಗಡಿಯ ಆಚೆ ಈಚೆ ಶಾಲೆಗಳು ಬೇರೆಯೇ ಆಗಿ ಉಳಿದದ್ದಕ್ಕೆ ಆ ತೀರ್ಪೇ ಬುಡ.

ದಕ್ಷಿಣದಲ್ಲಿ ನದಿಯ ಕೆಳಪಾತ್ರದ 'ಡೌನ್‌ರಿವರ್' ಊರುಗಳು: ರಿವರ್ ರೂಜ್, ಎಕೋರ್ಸ್, ಲಿಂಕನ್ ಪಾರ್ಕ್, ಟೇಲರ್. ಉಕ್ಕು ಮತ್ತು ಕಾರಿನ ಕೆಲಸದ ಮೇಲೆ ಬೆಳೆದ ಪಟ್ಟಣಗಳು. ಟೇಲರ್‌ನಲ್ಲಿ ಕೆಂಟಕಿ, ಟೆನೆಸಿಯ ಬೆಟ್ಟಸೀಮೆಯಿಂದ ಕಾರ್ಖಾನೆಗೆ ಬಂದ ಬಿಳಿ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಲಿಂಕನ್ ಪಾರ್ಕ್‌ನಲ್ಲಿ ಲ್ಯಾಟಿನೊ ಕುಟುಂಬಗಳು ವರ್ಷ ವರ್ಷ ಹೆಚ್ಚುತ್ತಿವೆ.

ಈಗ ಆಯ್ಕೆಯ ಮಾತು. ಡೆಮಾಕ್ರಟರಿಗೆ ನವೆಂಬರಿನ ಅಂತಿಮ ಚುನಾವಣೆಯಲ್ಲಿ ಇಲ್ಲಿ ಶೇ 70ರ ಆಸುಪಾಸು ಮತ ಬೀಳುತ್ತದೆ. ಹಾಗಾಗಿ ನಿಜವಾದ ಚುನಾವಣೆ ಆಗಸ್ಟ್‌ನ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಸುತ್ತು. ಮಿಶಿಗನ್‌ನಲ್ಲಿ ಮತದಾರರು ಪಕ್ಷ ನೋಂದಾಯಿಸುವುದಿಲ್ಲ, ಮತಪತ್ರದಲ್ಲಿ ಎರಡೂ ಪಕ್ಷಗಳ ಕಾಲಂಗಳಿರುತ್ತವೆ. ಒಂದರಲ್ಲಿ ಮಾತ್ರ ಗುರುತು ಹಾಕಬೇಕು. ಎರಡರಲ್ಲೂ ಹಾಕಿದರೆ ಪಕ್ಷದ ಭಾಗವಿಡೀ ಅಸಿಂಧು. 2022ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ 9 ಅಭ್ಯರ್ಥಿಗಳಿದ್ದರು, ಬಿದ್ದ ಮತ 80 ಸಾವಿರಕ್ಕೂ ಕಡಿಮೆ. ಥಾಣೇದಾರ್‌ಗೆ ಸುಮಾರು 22 ಸಾವಿರ, ಅಂದರೆ ಶೇ 28. ಎರಡನೆಯವರಾದ ಆಡಮ್ ಹಾಲಿಯರ್‌ಗೆ ಶೇ 23ರಿಂದ 24. ಎರಡನೇ ಸುತ್ತು ಎಂಬುದಿಲ್ಲ, ಮುಂದಿದ್ದವರೇ ಗೆದ್ದರು. ಮತ ಒಡೆಯದಿರಲಿ ಎಂದು ವೇಯ್ನ್ ಕೌಂಟಿಯ ಮುಖ್ಯಸ್ಥ ವಾರನ್ ಇವಾನ್ಸ್ ನೇತೃತ್ವದ ಕಪ್ಪು ನಾಯಕರ ಗುಂಪು ಹಾಲಿಯರ್ ಒಬ್ಬರನ್ನೇ ಬೆಂಬಲಿಸಿತ್ತು. ಹೊರಗಿನ ಸಮಿತಿಯೊಂದು ಅವರ ಪರ 40 ಲಕ್ಷ ಡಾಲರ್‌ಗೂ ಹೆಚ್ಚು ಸುರಿಯಿತು. ಆದರೂ ಉಳಿದವರು ಕಣದಿಂದ ಸರಿಯಲಿಲ್ಲ. ಥಾಣೇದಾರ್ ಸ್ವಂತ ದುಡ್ಡಿನಿಂದ ಟಿವಿ ಮತ್ತು ಅಂಚೆಪೆಟ್ಟಿಗೆ ತುಂಬಿಸಿದ್ದರು.

ದುಡ್ಡು ಎಷ್ಟು ಎಂಬುದರಷ್ಟೇ ಯಾವಾಗ ಎಂಬುದೂ ಮುಖ್ಯ. ಅಂಚೆ ಮತಪತ್ರಗಳು ಚುನಾವಣೆಗೆ 40 ದಿನ ಮೊದಲೇ ಮನೆ ತಲುಪಲು ಶುರುವಾಗುತ್ತವೆ, ಎಂದರೆ ಜೂನ್ ಕೊನೆಗೆ. ಆಗಸ್ಟ್‌ನಲ್ಲಿ ಮತ ಹಾಕುವವರಲ್ಲಿ ವಯಸ್ಸಾದವರು, ಮನೆಯಿಂದಲೇ ಮತ ಕಳಿಸುವವರು ಬಹಳ. ಜುಲೈ ಕೊನೆಯ ವಾರದ ಜಾಹೀರಾತು ಅಷ್ಟು ಹೊತ್ತಿಗೆ ಮತ ಹಾಕಿ ಮುಗಿಸಿದವರ ಮುಂದೆ ಓಡುತ್ತಿರುತ್ತದೆ.

ಅದಕ್ಕೂ ಮೊದಲು ಸಹಿಯ ಗಂಡಾಂತರ. ಕಣಕ್ಕಿಳಿಯಲು ಕ್ಷೇತ್ರದ ನೋಂದಾಯಿತ ಮತದಾರರ ಕನಿಷ್ಠ 1,000 ಸಹಿ ಬೇಕು, 2,000ದವರೆಗೆ ಕೊಡಬಹುದು. ಕ್ಷೇತ್ರದ ಹೊರಗಿನವರ ಸಹಿ, ಎರಡು ಸಲ ಹಾಕಿದ ಸಹಿ, ಸಂಗ್ರಹಿಸಿದವರ ದೃಢೀಕರಣ ಸರಿಯಿಲ್ಲದ ಹಾಳೆ ಬಿದ್ದುಹೋಗುತ್ತವೆ. ಡೆಟ್ರಾಯಿಟ್ ಎರಡು ಕ್ಷೇತ್ರಗಳಿಗೆ ಹಂಚಿಹೋಗಿರುವುದರಿಂದ 'ಡೆಟ್ರಾಯಿಟ್ ವಿಳಾಸ ಇದೆಯಲ್ಲ' ಎಂಬ ಭರವಸೆ ಸಾಲದು, ಬೀದಿಯ ಆಚೆ ಬದಿ 12 ಇರಬಹುದು. 2024ರಲ್ಲಿ ಹಾಲಿಯರ್ ಮತ್ತೆ ಬಂದಾಗ ಪರಿಶೀಲನೆಯಲ್ಲಿ ಉಳಿದದ್ದು 863 ಸಹಿ. 137 ಕಡಿಮೆಯಾಗಿ ಹೆಸರು ಮತಪತ್ರದಿಂದಲೇ ಹೊರಬಿತ್ತು. ಥಾಣೇದಾರ್ ಆ ಸಲ ಅರ್ಧಕ್ಕಿಂತ ಹೆಚ್ಚು ಮತ ಪಡೆದು ಗೆದ್ದರು. ಇಲ್ಲಿನ ಸಂಸದರಿಗೆ ಎದುರು ಪಕ್ಷಕ್ಕಿಂತ ಸ್ವಪಕ್ಷದವರ ಭಯವೇ ಜಾಸ್ತಿ. 2025ರ ಏಪ್ರಿಲ್‌ನಲ್ಲಿ ಅವರು ಅಧ್ಯಕ್ಷ ಟ್ರಂಪ್ ವಿರುದ್ಧ ದೋಷಾರೋಪದ ನಿರ್ಣಯ ತಂದು, ಮೇ ತಿಂಗಳಲ್ಲಿ ಪಕ್ಷದ ನಾಯಕರ ಅಸಮಾಧಾನಕ್ಕೆ ಮಣಿದು ಮತಕ್ಕೆ ಹಾಕದೆ ಬಿಟ್ಟದ್ದನ್ನು ಈ ಕನ್ನಡಿಯಲ್ಲೇ ನೋಡಬೇಕೆಂದು ನನಗನಿಸುತ್ತದೆ.

ಜನರ ಆದ್ಯತೆಗಳ ವಿಷಯದಲ್ಲಿ ಪತ್ರಿಕೆಗಳು ಒಂದು ಗೊಂದಲ ಮಾಡುತ್ತವೆ: ಮತದಾರರು ಹೇಳುವ ಕಷ್ಟಗಳಲ್ಲಿ ಅರ್ಧದಷ್ಟು ಕಾಂಗ್ರೆಸ್ಸಿನ ಕೈಯಲ್ಲೇ ಇಲ್ಲ. ಡೆಟ್ರಾಯಿಟ್‌ನ ಕಾರು ವಿಮೆ ದೇಶದಲ್ಲೇ ದುಬಾರಿಯ ಸಾಲಿನದು. ಆದರೆ ಅದು ರಾಜ್ಯದ ಕಾನೂನು, 2019ರ ತಿದ್ದುಪಡಿಯೂ ರಾಜ್ಯದ್ದೇ. ಮನೆ ತೆರಿಗೆಯೂ ಹಾಗೆಯೇ. ಮೌಲ್ಯಮಾಪನ ಮಾರುಕಟ್ಟೆ ಬೆಲೆಯ ಶೇ 50 ಮೀರಬಾರದೆಂದು ರಾಜ್ಯದ ಸಂವಿಧಾನ ಹೇಳಿದರೂ, 2008ರ ಕುಸಿತದ ನಂತರ ಬೆಲೆ ಬಿದ್ದಷ್ಟು ಬೇಗ ಪುಸ್ತಕದ ಮೌಲ್ಯ ಬೀಳಲಿಲ್ಲ. ಹೆಚ್ಚುವರಿ ತೆರಿಗೆ ಕಟ್ಟಲಾಗದೆ, ಮೂರು ವರ್ಷದ ಬಾಕಿಗೆ ಮನೆ ಕೌಂಟಿಯ ಪಾಲಾದವರು ಸಾವಿರಾರು. ನಗರಸಭೆಯ ನಿವೃತ್ತರಿಗೆ 2013-14ರ ದಿವಾಳಿ ಇಂದಿಗೂ ಹಸಿ ಗಾಯ. ಸುಮಾರು 1,800 ಕೋಟಿ ಡಾಲರ್ ಹೊಣೆಯ ಆ ಪ್ರಕರಣದಲ್ಲಿ ಸಾಮಾನ್ಯ ನೌಕರರ ಪಿಂಚಣಿ ಶೇ 4.5 ಇಳಿಯಿತು, ಬೆಲೆಯೇರಿಕೆಗೆ ತಕ್ಕ ವಾರ್ಷಿಕ ಏರಿಕೆ ಪೂರ್ತಿ ನಿಂತಿತು. ಆಗಸ್ಟ್‌ನಲ್ಲಿ ತಪ್ಪದೆ ಮತ ಹಾಕುವವರಲ್ಲಿ ಈ ನಿವೃತ್ತರೂ ಇದ್ದಾರೆ ಎಂಬುದನ್ನು ಯಾವ ಅಭ್ಯರ್ಥಿಯೂ ಮರೆಯುವುದಿಲ್ಲ.

ಕಾಂಗ್ರೆಸ್ಸಿಗೆ ನೇರ ಸಂಬಂಧವಿರುವುದರಲ್ಲಿ ನೀರೇ ಮೊದಲು. ಡೆಟ್ರಾಯಿಟ್‌ನಲ್ಲಿ ಮುಖ್ಯ ಕೊಳವೆಯಿಂದ ಮನೆಗೆ ಬರುವ ಸೀಸದ ಪೈಪುಗಳು ಸುಮಾರು 80 ಸಾವಿರ ಇದ್ದವು. ಬದಲಿಸಲು 2021ರ ಮೂಲಸೌಕರ್ಯ ಕಾಯ್ದೆ ದೇಶಕ್ಕೆಲ್ಲ 1,500 ಕೋಟಿ ಡಾಲರ್ ಇಟ್ಟಿತು. ಚರಂಡಿಯದು ಇನ್ನೂ ಜಟಿಲ. ಇಲ್ಲಿ ಮಳೆನೀರಿಗೂ ಕೊಳಚೆಗೂ ಒಂದೇ ಕೊಳವೆ. 2021ರ ಜೂನ್ 25-26ರ ಮಳೆಯಲ್ಲಿ ಪೂರ್ವ ಭಾಗದ ಪಂಪ್‌ಹೌಸ್‌ಗಳು ವಿದ್ಯುತ್ ತೊಂದರೆಯಿಂದ ಪೂರ್ತಿ ಸಾಮರ್ಥ್ಯದಲ್ಲಿ ಓಡಲಿಲ್ಲ. ಕೊಳಚೆ ಹಿಮ್ಮೊಗವಾಗಿ ಸಾವಿರಾರು ನೆಲಮಾಳಿಗೆಗಳಿಗೆ ನುಗ್ಗಿತು, ಜೆಫರ್ಸನ್ ಚಾಮರ್ಸ್ ಬಡಾವಣೆಯಲ್ಲೂ ಗ್ರೋಸ್ ಪಾಯಿಂಟ್ ಪಾರ್ಕ್‌ನಲ್ಲೂ. ಶಾಲೆ ಬೇರೆ, ತೆರಿಗೆ ಬೇರೆ, ಪೊಲೀಸ್ ಬೇರೆ ಇರುವ ಈ ಎರಡು ಊರುಗಳಿಗೆ ಚರಂಡಿ ಮಾತ್ರ ಒಂದೇ. ಕ್ಷೇತ್ರದ ಬಡವರೂ ಸಿರಿವಂತರೂ ಒಂದೇ ಬೇಡಿಕೆ ಇಡುವ ಅಪರೂಪದ ವಿಷಯ ಇದು.

ವಿಪತ್ತು ಘೋಷಣೆಯಾದರೂ ಪರಿಹಾರದಲ್ಲಿ ಗ್ರಹಚಾರ ಎರಡು. ಫೆಮಾ (ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ) ಕೊಡುವುದು ವಾಸಕ್ಕೆ ಅಗತ್ಯವಾದ ಭಾಗಕ್ಕೆ: ನೆಲಮಾಳಿಗೆಯ ಫರ್ನೇಸ್, ನೀರು ಕಾಯಿಸುವ ಯಂತ್ರಕ್ಕೆ ಸಿಗುತ್ತದೆ. ಅಲ್ಲಿ ಇಟ್ಟಿದ್ದ ಸೋಫಾ, ಟಿವಿ, ಹಾಕಿಸಿದ್ದ ನೆಲಹಾಸಿಗೆ ಸಿಗುವುದು ಕಷ್ಟ. ಇನ್ನೊಂದು, ಮಾಲೀಕತ್ವದ ಕಾಗದ. ಅಜ್ಜಿಯ ಹೆಸರಿನಲ್ಲೇ ಉಳಿದ ಮನೆಗಳು, ಕಂತು ತೀರುವವರೆಗೆ ಪತ್ರ ಕೈಗೆ ಬಾರದ ಕರಾರಿನ ಖರೀದಿಗಳು ಡೆಟ್ರಾಯಿಟ್‌ನಲ್ಲಿ ಬಹಳ. ಮೊದಲ ಅರ್ಜಿ ತಿರಸ್ಕೃತವಾದರೆ ಬಿಡಬಾರದು. ಮನೆ ತೆರಿಗೆಯ ರಸೀದಿ, ನೀರು ವಿದ್ಯುತ್ ಬಿಲ್ಲು, ಗುತ್ತಿಗೆದಾರರ ಲಿಖಿತ ಅಂದಾಜು ಸೇರಿಸಿ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ಈ ಹಂತದಲ್ಲಿ ಸಂಸದರ ಕಚೇರಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಆದರೆ ಮಾಹಿತಿ ಪಡೆಯಲು ಒಪ್ಪಿಗೆ ಕೊಡುವ ಫಾರ್ಮಿಗೆ ಸಹಿ ಹಾಕದಿದ್ದರೆ ಯಾವ ಕೇಂದ್ರ ಇಲಾಖೆಯೂ ಅವರೊಂದಿಗೆ ಮಾತಾಡುವುದಿಲ್ಲ. ಹ್ಯಾಮ್‌ಟ್ರಾಮಿಕ್‌ನ ವೀಸಾ ಅರ್ಜಿಗಳಿಗೂ ಇದೇ ನಿಯಮ. 2025ರ ಜೂನ್‌ನ ಪ್ರವೇಶ ನಿಷೇಧದ ಪಟ್ಟಿಯಲ್ಲಿ ಯೆಮೆನ್ ಇರುವುದರಿಂದ ಆ ಮೇಜಿನ ಮೇಲಿನ ಕೆಲಸ ಕಡಿಮೆಯಾಗಿಲ್ಲ.

ಬಸ್ಸಿನ ವಿಷಯ. ನಗರಕ್ಕೆ ಒಂದು ಬಸ್ ಸಂಸ್ಥೆ, ಉಪನಗರಗಳಿಗೆ ಇನ್ನೊಂದು. ನಾಲ್ಕು ಕೌಂಟಿಗೂ ಸೇರಿಸಿ ತೆರಿಗೆ ಹಾಕುವ ಪ್ರಸ್ತಾವ 2016ರಲ್ಲಿ ಸ್ವಲ್ಪದರಲ್ಲಿ ಸೋತಿತು. 'ಕೇಂದ್ರದಿಂದ ಹಣ ತಂದೆ' ಎಂಬ ಫಲಕಗಳಿಂದ ಬಸ್ ಬೇಗ ಬರುವುದಿಲ್ಲ. 2 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರ ಪ್ರದೇಶಗಳ ದೊಡ್ಡ ಬಸ್ ಸಂಸ್ಥೆಗಳು ಕೇಂದ್ರ ನಿಗದಿತ ಸೂತ್ರದಂತೆ ಹಂಚುವ ಅನುದಾನವನ್ನು ಬಸ್ ಖರೀದಿ, ಡಿಪೊ, ದುರಸ್ತಿಗೆ ಬಳಸಬಹುದೇ ಹೊರತು ಸಾಮಾನ್ಯವಾಗಿ ಚಾಲಕರ ಸಂಬಳಕ್ಕಲ್ಲ. ಬಸ್ ಬಂದು ನಿಂತಿರುತ್ತದೆ, ಓಡಿಸುವವರಿಲ್ಲ.

ಹೆದ್ದಾರಿಯದೂ ಹೀಗೇ ಒಂದು ಕತೆ. ಬ್ಲ್ಯಾಕ್ ಬಾಟಮ್ ಎಂಬ ಆಫ್ರಿಕನ್ ಅಮೆರಿಕನ್ನರ ಬಡಾವಣೆ, ಅದರ ಪಕ್ಕದ ಹೇಸ್ಟಿಂಗ್ಸ್ ಬೀದಿಯ ಅಂಗಡಿಗಳು 1950-60ರ ದಶಕದಲ್ಲಿ ನೆಲಸಮವಾದವು, ಅಲ್ಲಿ ಐ-375 ಎಂಬ ಮೈಲಿಯುದ್ದದ ತಗ್ಗು ರಸ್ತೆ ಬಂತು. ಅದನ್ನು ತುಂಬಿಸಿ ಸಾಮಾನ್ಯ ಬೀದಿ ಮಾಡಲು 2022ರಲ್ಲಿ ಕೇಂದ್ರ ಸುಮಾರು 10.5 ಕೋಟಿ ಡಾಲರ್ ಮಂಜೂರು ಮಾಡಿತು. ವೆಚ್ಚ ಏರಿ 2025ರಲ್ಲಿ ರಾಜ್ಯ ಸಾರಿಗೆ ಇಲಾಖೆ ಕೆಲಸ ತಡೆಹಿಡಿಯಿತು. ಸಂಸದರು ಹೆಸರು ಹೇಳಿ ಕೇಳುವ ಸ್ಥಳೀಯ ಯೋಜನೆಗಳಿಗೆ ವರ್ಷಕ್ಕೆ 15ರ ಮಿತಿಯಿತ್ತು, ಸರ್ಕಾರಿ ಸಂಸ್ಥೆಗಳಿಗೂ ಲಾಭರಹಿತ ಸಂಸ್ಥೆಗಳಿಗೂ ಮಾತ್ರ ಅವಕಾಶ. 2025ರ ಮಾರ್ಚ್‌ನಲ್ಲಿ ಪೂರ್ಣ ಬಜೆಟ್ ಬದಲು ಹಿಂದಿನ ವರ್ಷದ ಖರ್ಚನ್ನೇ ಮುಂದುವರಿಸುವ ಮಸೂದೆ ಬಂದಾಗ ಆ ವರ್ಷದ ಎಲ್ಲ ಹೆಸರಿನ ಯೋಜನೆಗಳೂ ಒಟ್ಟಿಗೆ ಬಿದ್ದುಹೋದವು. ಪತ್ರಿಕಾ ಪ್ರಕಟಣೆಯಲ್ಲಿ 'ಕೋರಲಾಗಿದೆ' ಎಂದಿದೆಯೋ 'ಮಂಜೂರಾಗಿದೆ' ಎಂದಿದೆಯೋ, ಅದನ್ನು ಮೊದಲು ನೋಡಬೇಕು.

ಮುಂದಿನ ವರ್ಷಗಳಲ್ಲಿ ಈ ಕ್ಷೇತ್ರವನ್ನು ಎಲ್ಲಕ್ಕಿಂತ ಹೆಚ್ಚು ಅಲ್ಲಾಡಿಸುವುದು ಮೆಡಿಕೇಡ್, ಅಂದರೆ ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ. 2025ರ ಜುಲೈನ ಕಾನೂನಿನ ಪ್ರಕಾರ, 2014ರ ವಿಸ್ತರಣೆಯಡಿ ಸೇರಿದ ವಯಸ್ಕರು 2027ರ ಜನವರಿ ಹೊತ್ತಿಗೆ ತಿಂಗಳಿಗೆ 80 ಗಂಟೆ ಕೆಲಸ, ಓದು ಅಥವಾ ಸೇವೆಯ ದಾಖಲೆ ತೋರಿಸಬೇಕು. ವರ್ಷಕ್ಕೊಮ್ಮೆ ಇದ್ದ ನವೀಕರಣ ಆರು ತಿಂಗಳಿಗೊಮ್ಮೆ. ಅರ್ಕಾನ್ಸಾದಲ್ಲಿ 2018ರಲ್ಲಿ ಇಂಥದೇ ನಿಯಮ ಬಂದಾಗ ಕೆಲವೇ ತಿಂಗಳಲ್ಲಿ ಸುಮಾರು 18 ಸಾವಿರ ಮಂದಿ ಹೊರಬಿದ್ದರು, ಅವರಲ್ಲಿ ಕೆಲಸ ಮಾಡುತ್ತಲೇ ವರದಿ ಸಲ್ಲಿಸದವರೂ ಇದ್ದರು. ಊಟ ತಲುಪಿಸುವವರು, ವಾರಕ್ಕೊಂದು ಪಾಳಿ ಬದಲಾಗುವ ಗೋದಾಮಿನ ಕೆಲಸದವರು, ಸಂಬಳದ ಚೀಟಿಯೇ ಇಲ್ಲದ ಮನೆಗೆಲಸದವರು ಈಗಿನಿಂದಲೇ ಗಂಟೆಗಳ ಲೆಕ್ಕ ಬರೆದಿಡುವುದು ಒಳ್ಳೆಯದು. ವಿಳಾಸ ಬದಲಿಸಿದ್ದರೆ ತಕ್ಷಣ ತಿಳಿಸಬೇಕು, ನೋಟಿಸ್ ಹಳೆಯ ಮನೆಗೆ ಹೋದರೆ ಗೊತ್ತಾಗುವುದು ಔಷಧಿ ಅಂಗಡಿಯಲ್ಲಿ. ಮತ್ತೊಂದು: ಈ ಕಾನೂನಿಗೆ ಮತ ಬಿದ್ದದ್ದು ವಾಷಿಂಗ್ಟನ್‌ನಲ್ಲಿ, ಫೈಲು ಇರುವುದು ರಾಜ್ಯದ ಆರೋಗ್ಯ ಇಲಾಖೆಯಲ್ಲಿ. ಆದ್ದರಿಂದ ಕಾರ್ಡ್ ರದ್ದಾದವರು ಸಂಸದರ ಕಚೇರಿಯ ಬದಲು ತಮ್ಮ ರಾಜ್ಯ ಶಾಸಕರ ಕಚೇರಿಗೆ ಹೋದರೆ ಒಂದು ವಾರ ಉಳಿಯುತ್ತದೆ.